ಚಿಕ್ಕಮುನಿಯಪ್ಪನ ವಿದ್ಯಾ ವ್ಯಾಪಾರ

ಮಾರಿಕುಪ್ಪಂನಿಂದ ಬೆಳಿಗ್ಗೆ ಹೊರಡುವ ರೈಲು ಬಂಗಾರಪೇಟೆಗೆ ಬರುವ ಹೊತ್ತಿಗೆ ಅದರಲ್ಲಿ ಕೂರಲು ಜಾಗವಿರುವುದಿಲ್ಲ. ಇದು ಯಾರ ತಪ್ಪೂ ಅಲ್ಲ. ಮಾರಿಕುಪ್ಪಂ, ಊರಿಗಾಂ, ಕೋರಮಂಡಲ್‌ನವರು ಮೊದಲು ಹತ್ತುತ್ತಾರೆ, ಆದ್ದರಿಂದ ಕೂರುತ್ತಾರೆ. ಬಂಗಾರಪೇಟೆಯವರು ಆಮೇಲೆ ಹತ್ತುತ್ತಾರೆ, ಆದ್ದರಿಂದ ಬೆಂಗಳೂರಿನವರೆಗೆ ನಿಲ್ಲುತ್ತಾರೆ. ಚಿನ್ನದ ಗಣಿ ಮುಚ್ಚಿದ ಮೇಲೆ ಆ ಕಡೆಯವರಿಗೆ ಉಳಿದಿರುವ ಆಸ್ತಿ ಇದೊಂದೇ ಎಂದು ಬಂಗಾರಪೇಟೆಯವರು ಹೊಟ್ಟೆಕಿಚ್ಚಿನಿಂದ ಹೇಳುವುದುಂಟು.

ಚಿಕ್ಕಮುನಿಯಪ್ಪ ನಿಲ್ಲುವವರ ಪೈಕಿ. ಊರು ಬಂಗಾರಪೇಟೆಯಿಂದ ಸೈಕಲ್ ದೂರದ ಒಂದು ಹಳ್ಳಿ. ಕೆಲಸ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುವುದು. ಅಲ್ಲಿಯ ನಿವಾಸಿಗಳ ಸಂಘದವರು, ಕೂತ ಕಾವಲುಗಾರ ನಿದ್ದೆ ಮಾಡುತ್ತಾನೆಂದು ನಿರ್ಣಯ ಮಾಡಿ ಗೇಟಿನ ಬಳಿಯಿದ್ದ ಕುರ್ಚಿಯನ್ನು ತೆಗೆಸಿದ್ದರು. ಹೀಗಾಗಿ ಅವನು ರೈಲಿನಲ್ಲಿ ನಿಂತು ಹೋಗಿ, ಗೇಟಿನಲ್ಲಿ ನಿಂತು, ಸಂಜೆ ಮತ್ತೆ ರೈಲಿನಲ್ಲಿ ನಿಂತು ಬರುತ್ತಿದ್ದ. ಸಂಜೆ ಬೆಂಗಳೂರಿನಲ್ಲಿ ಖಾಲಿ ರೈಲೇ ಬಂದು ನಿಲ್ಲುತ್ತದೆ, ನಿಜ. ಆದರೆ ಅಲ್ಲಿ ಸೀಟು ನುಗ್ಗಿದವನಿಗೆ. ಐವತ್ತು ದಾಟಿದ, ಬಲ ಮೊಣಕಾಲು ಕುಂಬಳಕಾಯಿಯಂತೆ ಊದಿಕೊಂಡವನು ನುಗ್ಗಲಾರ. ಡಾಕ್ಟರು ಕಾಲು ಒತ್ತಿ ನೋಡಿ, "ಕೂತ್ಕೊಳ್ಳಪ್ಪಾ, ನಿಲ್ಲೋದು ಕಡಿಮೆ ಮಾಡು" ಅಂದರು. ಮಾತ್ರೆ ಬರೆದುಕೊಟ್ಟಿದ್ದರೆ ತಂದು ನುಂಗುತ್ತಿದ್ದ. ಕೂರುವುದನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಮೊದಲು ಅವನ ಕಸುಬು ಬೇರೆ. ಅವನ ಅಪ್ಪ ದೊಡ್ಡವೆಂಕಟಪ್ಪ ದನದ ದಲ್ಲಾಳಿ. ಮಗನೂ ಅದನ್ನೇ ಕಲಿತ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನ ಕೈಯನ್ನು ದಲ್ಲಾಳಿ ತನ್ನ ಟವಲಿನ ಕೆಳಗೆ ಹಿಡಿದು, ಇಷ್ಟು ಬೆರಳು ಒತ್ತಿದರೆ ಇಷ್ಟು ಸಾವಿರ ಎಂದು ತಿಳಿಸುತ್ತಾನೆ. ಸುತ್ತ ನಿಂತವರಿಗೆ ಟವಲು ಅಲ್ಲಾಡುವುದು ಮಾತ್ರ ಕಾಣುತ್ತದೆ. ಇನ್ನೊಂದು ಪದ್ಧತಿಯೂ ಇದೆ: ದನ ಮಾರಿದವನು ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಗ್ಗ ಕೊಟ್ಟರೆ ಕೊಟ್ಟಿಗೆಯ ಭಾಗ್ಯವೂ ಅದರ ಹಿಂದೆ ಹೋಗುತ್ತದೆ ಎಂದು ನಂಬಿಕೆ. ಚಿಕ್ಕಮುನಿಯಪ್ಪ ಇವೆರಡನ್ನೂ ದೇವರ ಮಾತೆಂದು ನಂಬಿ ಬೆಳೆದ. ಅಷ್ಟರಲ್ಲಿ ಸಂತೆಗೆ ಬರುವ ಎತ್ತುಗಳು ಕಡಿಮೆಯಾದವು, ಹಸುಗಳ ಫೋಟೋ ಫೋನಿನಲ್ಲೇ ಊರೂರು ತಿರುಗತೊಡಗಿತು. ಟವಲಿನ ಕೆಳಗೆ ಹಿಡಿಯಲು ಕೈಗಳೇ ಸಿಗದಾದಾಗ ಅವನು ಗೇಟಿನ ಕೆಲಸಕ್ಕೆ ಸೇರಿದ. ಟವಲು ಮಾತ್ರ ಹೆಗಲ ಮೇಲೆ ಉಳಿಯಿತು.

ಅವನು ದಿನಾ ನಿಲ್ಲುತ್ತಿದ್ದ ಜಾಗ ವಿಜಯಕುಮಾರನ ತಲೆಯ ಮೇಲೆ. ವಿಜಯಕುಮಾರ ಮಾರಿಕುಪ್ಪಂನವನು, ಗಣಿಯಲ್ಲಿ ದುಡಿದವನ ಮಗ, ಕೃಷ್ಣರಾಜಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕಿಟಕಿ ಪಕ್ಕದ ಸೀಟು ಅವನದು. ಕೂತ ಕೂಡಲೇ ಫೋನ್ ತೆಗೆದು ಒಂದು ಆಟ ಆಡುತ್ತಿದ್ದ. ಮೇಲೆ ನಿಂತವನಿಗೆ ಕೆಳಗಿನ ಫೋನು ಬಾವಿಯ ನೀರಿನಂತೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೇಡವೆಂದರೂ ಚಿಕ್ಕಮುನಿಯಪ್ಪ ಆ ಆಟವನ್ನು ಕಲಿತ.

ಆಟ ಹೀಗೆ. ಆಡುವವನಿಗೊಂದು ರಾಜ್ಯ. ಸುತ್ತ ಕಂಪ್ಯೂಟರೇ ಸರದಿಯ ಪ್ರಕಾರ ಆಡಿಸುವ ಬೇರೆ ರಾಜರು: ಹಸಿರು ರಾಜ, ಹಳದಿ ರಾಜ, ಕೆಂಪು ರಾಜ, ನೀಲಿ ರಾಣಿ. ಮೊದಲಿಗೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ಒಬ್ಬ ಅಕ್ಷರ ಕಂಡುಹಿಡಿಯುತ್ತಾನೆ, ಒಬ್ಬ ಚಕ್ರ, ಒಬ್ಬ ಕಬ್ಬಿಣ ಕರಗಿಸುವುದು. ಹೀಗೆ ವಿದ್ಯೆ ಮೇಲೆ ವಿದ್ಯೆ ಕಲಿಯುತ್ತಾ ಕೊನೆಗೆ ಹಬೆಯಂತ್ರ, ಕಲ್ಲಿದ್ದಲು, ರೈಲು. ತಾನೇ ಕಲಿಯಬಹುದು, ಇಲ್ಲವೇ ಬೇರೆ ರಾಜನ ಜೊತೆ ವಿದ್ಯೆಗೆ ವಿದ್ಯೆ ಬದಲಾಯಿಸಿಕೊಳ್ಳಬಹುದು. ವಿಜಯಕುಮಾರ ಬದಲಾಯಿಸುವವನಲ್ಲ. ಬೇರೆಯವರು ಏನು ಕೇಳಿದರೂ ತಮಿಳಿನಲ್ಲಿ "ವೇಂಡಾ", ಬೇಡ, ಎಂದು ಒತ್ತಿ, ತನ್ನ ವಿದ್ಯೆಯನ್ನು ತಾನೇ ಅಗೆದು ತೆಗೆಯುತ್ತಿದ್ದ.

ಒಂದು ದಿನ ಚಿಕ್ಕಮುನಿಯಪ್ಪನಿಗೆ ತಡೆಯಲಾಗಲಿಲ್ಲ.

"ಲೇ ಕುಮಾರ, ಆ ಅಳದಿ ರಾಜ ಚಕ್ರ ಕೊಡ್ತೀನಿ ಅಂತಾವ್ನೆ. ನಿನ್ನತ್ರ ಅಕ್ಷರ ಐತೆ. ಕೊಟ್ಟು ತಗೋಳ್ಳಲಾ."

"ನಮ್ಮ ಗುಂಡಿ ನಾವೇ ತೋಡ್ತೀವಿ ಅಣ್ಣೇ. ಯಾರ ಹತ್ರಾನೂ ಕೈ ಚಾಚಲ್ಲ."

"ಕೈ ಚಾಚೋದು ಬ್ಯಾರೆ, ಯಾಪಾರ ಬ್ಯಾರೆ. ನೋಡು, ಅಸು ಮಾರಿದ್ರೆ ಕೊಟ್ಟಿಗೆ ಖಾಲಿ. ಇದ್ಯೆ ಮಾರಿದ್ರೆ ಅಸು ಅವನ ಮನೇಗೂ ಓಯ್ತದೆ, ನಮ್ಮ ಕೊಟ್ಟಿಗೇಲೂ ಅಂಗೇ ಇರ್ತದೆ. ಇಂಥಾ ಯಾಪಾರ ನಮ್ಮಪ್ಪನ ಕಾಲದಲ್ಲಿ ಇದ್ದಿದ್ರೆ ನಾವು ಕೋಲಾರಾನೇ ಕೊಂಡ್ಕೋತಿದ್ವಿ."

ಎದುರು ಸೀಟಿನ ಶಶಿರೇಖ ಪೇಪರಿನಿಂದ ತಲೆ ಎತ್ತಿದಳು. ಊರಿಗಾಂನಲ್ಲಿ ಹತ್ತುವವಳು, ಬೆಂಗಳೂರಿನ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಆ ಡಬ್ಬಿಯಲ್ಲಿ ಯಾವ ಜಗಳವಾದರೂ ತೀರ್ಪು ಅವಳದೇ. ಯಾರೂ ಅವಳನ್ನು ನೇಮಿಸಿರಲಿಲ್ಲ. ಅವಳ ಧ್ವನಿ ನೇಮಿಸಿತ್ತು.

"ಬಾಯಲ್ಲಿ ಹೇಳೋದು ಸುಲಭ," ಎಂದ ವಿಜಯಕುಮಾರ. "ದಿನಾ ತಲೆ ಮೇಲೆ ನಿಂತ್ಕೊಂಡು ಬಡಬಡ ಅಂತೀಯಲ್ಲ, ಆಡಿ ತೋರ್ಸು. ಇಬ್ಬರೂ ಹೊಸದಾಗಿ ಶುರು ಮಾಡೋಣ. ನಿನ್ನ ಫೋನಲ್ಲಿ ನೀನು, ನನ್ನ ಫೋನಲ್ಲಿ ನಾನು. ಯಾರ ರಾಜ್ಯದಲ್ಲಿ ಮೊದಲು ರೈಲು ಓಡುತ್ತೋ ಅವರು ಗೆದ್ದ ಹಾಗೆ."

"ಗೆದ್ರೆ ಏನ್ ಕೊಡ್ತೀಯ?"

"ಏನ್ ಬೇಕು?"

ಚಿಕ್ಕಮುನಿಯಪ್ಪ ಮೊಣಕಾಲನ್ನು ನೋಡಿದ, ಕಿಟಕಿಯನ್ನು ನೋಡಿದ. "ಈ ಸೀಟು. ಗೆದ್ದ ದಿನದಿಂದ ಯುಗಾದಿವರೆಗೂ."

ಆ ರೈಲಿನಲ್ಲಿ ಜನ ಚಿನ್ನದ ಸರ ಅಡವಿಟ್ಟ ಕಥೆಯನ್ನು ಕೇಳಿದ್ದರು. ಕಿಟಕಿ ಸೀಟನ್ನು ಪಣಕ್ಕಿಟ್ಟ ಕಥೆಯನ್ನು ಕೇಳಿರಲಿಲ್ಲ.

"ಸೋತ್ರೆ?" ಎಂದು ಕೇಳಿದ ವಿಜಯಕುಮಾರ.

"ಸೋತ್ರೆ ಬಾಯಿ ಮುಚ್ಕೊಂಡು ನಿಂತ್ಕೋತೀನಿ."

"ಆಯ್ತು. ನೀನು ಬಾಯಿ ಮುಚ್ತೀಯ ಅಂದ್ರೆ ಸೀಟೇನು, ಡಬ್ಬಿನೇ ಪಣಕ್ಕಿಡಬಹುದು."

ನಿಯಮಗಳನ್ನು ಶಶಿರೇಖ ಹೇಳಿದಳು. ಆಟ ರೈಲಿನಲ್ಲಿ ಮಾತ್ರ. ಮನೆಯಲ್ಲಾಗಲಿ ಕೆಲಸದಲ್ಲಾಗಲಿ ಆಡಿದರೆ ಸೋತ ಹಾಗೆ. ಅವರವರ ಫೋನನ್ನು ಅವರವರೇ ಒತ್ತಬೇಕು. ಸಂಜೆ ರೈಲಿನಲ್ಲಿ ಅವಳು ಮಡಿಲಲ್ಲಿ ಅವರೆಕಾಯಿ ಸುಲಿಯುತ್ತಾ ಇಬ್ಬರ ಫೋನನ್ನೂ ಪರೀಕ್ಷೆ ಮಾಡುತ್ತಿದ್ದಳು.

ಚಿಕ್ಕಮುನಿಯಪ್ಪನ ಬಳಿ ಇದ್ದದ್ದು ಮಗಳು ಮೀನಾ ಹೊಸ ಫೋನ್ ಕೊಂಡಾಗ ಬಿಟ್ಟುಕೊಟ್ಟ ಹಳೇ ಫೋನು. ಮೂಲೆ ಒಡೆದಿತ್ತು. ಇಂಗ್ಲಿಷನ್ನು ಅವನು ಕೂಡಿಸಿ ಕೂಡಿಸಿ ಓದುತ್ತಿದ್ದ, ಆದರೆ ರಾಜರ ಮುಖಗಳು ಅವನಿಗೆ ಚೆನ್ನಾಗಿ ಅರ್ಥವಾದವು. ಒಬ್ಬೊಬ್ಬ ರಾಜನ ಮುಖದ ಕೆಳಗೂ ಒಂದು ಗೆರೆ: ಖುಷಿಯಾದರೆ ಹಸಿರು, ಕೋಪ ಬಂದರೆ ಕೆಂಪು. "ಸಂತೇಲಿ ಇಷ್ಟು ಸಲೀಸಾಗಿ ಯಾರ ಮುಖಾನೂ ತಿಳೀತಿರಲಿಲ್ಲ," ಎಂದುಕೊಂಡ.

ಮೊದಲ ದಿನವೇ ಡಬ್ಬಿಯವರೆಲ್ಲ ನಕ್ಕರು. ವಿದ್ಯೆ ಬದಲಾಯಿಸುವ ಪರದೆ ಬಂದ ಕೂಡಲೇ ಚಿಕ್ಕಮುನಿಯಪ್ಪ ಫೋನಿನ ಮೇಲೆ ಟವಲು ಹಾಕಿದ. ಒಂದು ಕೈ ಮೇಲಿನ ಕಂಬಿಯಲ್ಲಿ, ಇನ್ನೊಂದು ಕೈ ಟವಲಿನೊಳಗೆ. ಆಗಾಗ ಟವಲಿನ ಅಂಚನ್ನೆತ್ತಿ ಇಣುಕುವುದು, ಮತ್ತೆ ಮುಚ್ಚುವುದು.

"ಎನ್ನಾಣ್ಣೇ ಇದು? ಆ ರಾಜನಿಗೆ ಬೆರಳು ಎಲ್ಲಿದೆ ಹಿಡಿಯೋಕೆ?"

"ಅವನಿಗೆ ಬೆರಳಿಲ್ದೆ ಇದ್ರೂ ನಿನಗೆ ಕಣ್ಣೈತಲ್ಲ. ಆ ಕಡೆ ತಿರುಗು."

ನಗುವವರು ನಗಲಿ, ವ್ಯಾಪಾರ ಮಾತ್ರ ಚೆನ್ನಾಗಿ ನಡೆಯಿತು. ಅಕ್ಷರ ಕೊಟ್ಟು ಹಳದಿ ರಾಜನಿಂದ ಚಕ್ರ ತಂದ. ಆ ಚಕ್ರವನ್ನೇ ನೀಲಿ ರಾಣಿಗೆ ಕೊಟ್ಟು ದೋಣಿ ತಂದ. ಮೊದಮೊದಲು ಒಂದು ಪೆಟ್ಟು ಬಿತ್ತು: ಗಾರೆ ಕೆಲಸವನ್ನು ಹಳದಿ ರಾಜನೊಬ್ಬನಿಗೇ ಮಾರಿ, ಉಳಿದವರಿಗೆ ನಾಳೆ ಒಳ್ಳೆ ಬೆಲೆಗೆ ಕೊಡೋಣವೆಂದು ಕಾದ. ಮಾರನೆಯ ಸರದಿಯಲ್ಲಿ ನೋಡಿದರೆ ಹಳದಿ ರಾಜ ಅದನ್ನು ಎಲ್ಲರಿಗೂ ಮಾರಿ ಮೂರು ವಿದ್ಯೆ ಗಳಿಸಿ ಕೂತಿದ್ದ.

"ನನ್ ಅಸು ತಗೊಂಡೋಗಿ ನನ್ ಸಂತೇಲೇ ಮಾರವ್ನೆ ಬಡ್ಡೀಮಗ!" ಎಂದು ಚಿಕ್ಕಮುನಿಯಪ್ಪ ಕೂಗಿದ್ದು ಪಕ್ಕದ ಡಬ್ಬಿಗೂ ಕೇಳಿಸಿತು.

ಅಂದಿನಿಂದ ಮಾರುವುದಾದರೆ ಒಂದೇ ಸರದಿಯಲ್ಲಿ ಎಲ್ಲರಿಗೂ ಮಾರುತ್ತಿದ್ದ, ಹೆಚ್ಚು ಕೊಡುವವನಿಗೆ ಮೊದಲು. ಕುದುರೆ ಪಳಗಿಸುವುದು, ಮದ್ದುಗುಂಡು, ಇಂಥ ವಿದ್ಯೆಗಳನ್ನು ಗಡಿಯ ಪಕ್ಕದ ಕೆಂಪು ರಾಜನಿಗೆ ಎಷ್ಟು ಕೊಟ್ಟರೂ ಮಾರಲಿಲ್ಲ. "ಅಸು ಕೊಡ್ತೀನಿ, ಅಗ್ಗ ಕೊಡಲ್ಲ," ಎಂದು ಟವಲಿನೊಳಗೆ ಕೆಂಪು ರಾಜನಿಗೆ ಗಟ್ಟಿಯಾಗೇ ಹೇಳುತ್ತಿದ್ದ. ಸಂಕ್ರಾಂತಿ ಬರುವ ಹೊತ್ತಿಗೆ ಅವನ ರಾಜ್ಯ ವಿಜಯಕುಮಾರನ ರಾಜ್ಯಕ್ಕಿಂತ ಬಹಳ ಮುಂದೆ ಇತ್ತು. ವಿಜಯಕುಮಾರ ಇನ್ನೂ ಅಗೆಯುತ್ತಿದ್ದ. ಆದರೆ ಅವನ ಕಿಟಕಿಯಾಚೆಯ ನೋಟದಲ್ಲಿ ಮೊದಲಿನ ನೆಮ್ಮದಿ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚಿಕ್ಕಮುನಿಯಪ್ಪ ಜಾಣನೆಂದು ಹೇಳಿ ಮುಗಿಸಬಹುದಿತ್ತು. ಆದರೆ ಅವನು ಬರೀ ದಲ್ಲಾಳಿಯಲ್ಲ, ಕೊಟ್ಟು ತರುವ ನಂಟು ನೋಡುವ ಕುಲಸ್ಥ ಕೂಡ.

ಹಸಿರು ರಾಜನ ಮೇಲೆ ಕೆಂಪು ರಾಜ ದಂಡೆತ್ತಿ ಬಂದ. ಹಸಿರು ರಾಜನ ಬಳಿ ಕಬ್ಬಿಣದ ಆಯುಧಗಳಿಲ್ಲ. ಮುಖದ ಚಿತ್ರ ಸಪ್ಪಗಿತ್ತು. ಚಿಕ್ಕಮುನಿಯಪ್ಪನಿಗೆ ಮನಸ್ಸು ತಡೆಯಲಿಲ್ಲ. ಕಬ್ಬಿಣದ ವಿದ್ಯೆಯನ್ನು ಅವನಿಗೆ ಬಿಟ್ಟಿ ಕೊಟ್ಟ. ಅದಕ್ಕೆ ಟವಲು ಕೂಡ ಹಾಕಲಿಲ್ಲ, ಎಲ್ಲರೂ ನೋಡಲೆಂದು ಫೋನನ್ನೆತ್ತಿ ಹಿಡಿದ.

"ಏನಣ್ಣೇ, ದಾನವಾ?" ಎಂದ ವಿಜಯಕುಮಾರ.

"ದಾನ ಅಲ್ಲ, ಮುಯ್ಯಿ. ಈವತ್ತು ಅವನ ಮನೇಲಿ ಕಷ್ಟ, ನಾವು ಓಗಿ ನಿಲ್ಲಬೇಕು. ನಾಳೆ ನಮ್ಮನೇಲಿ ಕಾರ್ಯ ಆದಾಗ ಅವನು ಬಂದು ನಿಲ್ತಾನೆ. ನಿಮ್ಮ ಗಣಿ ಕಾಲೋನಿ ಕಡೆಯೋರಿಗೆ ಇದು ತಿಳಿಯಲ್ಲ."

"ನಮಗೂ ತಿಳಿಯುತ್ತೆ. ಆ ಫೋನಿಗೆ ತಿಳಿಯುತ್ತಾ ಕೇಳು."

ಶಿವರಾತ್ರಿಯ ಚಳಿ ಹೋಗುವಷ್ಟರಲ್ಲಿ ಚಿಕ್ಕಮುನಿಯಪ್ಪನಿಗೆ ರೈಲಿಗೆ ಬೇಕಾಗಿದ್ದದ್ದು ಎರಡೇ: ಹಬೆಯಂತ್ರದ ವಿದ್ಯೆ ಮತ್ತು ಕಲ್ಲಿದ್ದಲು. ಹಬೆಯಂತ್ರವನ್ನು ಮೊದಲು ಕಂಡುಹಿಡಿದಿದ್ದು ಹಸಿರು ರಾಜ. ಚಿಕ್ಕಮುನಿಯಪ್ಪ ಆ ದಿನ ಮೀಸೆ ತಿರುವಿಕೊಂಡು, ಬೀಗರ ಮನೆಗೆ ಹೋಗುವವನಂತೆ ಹಸಿರು ರಾಜನ ಮುಖದ ಮೇಲೆ ಒತ್ತಿದ. ಹಬೆಯಂತ್ರ ಕೇಳಿದ. ಬದಲಿಗೆ ಏನನ್ನೂ ಇಡಲಿಲ್ಲ. ಮುಯ್ಯಿಗೆ ಬದಲೇನು?

ಹಸಿರು ರಾಜ ಇಂಗ್ಲಿಷಿನಲ್ಲಿ ಏನೋ ಹೇಳಿದ. ಚಿಕ್ಕಮುನಿಯಪ್ಪ ಶಶಿರೇಖಳಿಗೆ ಫೋನ್ ತೋರಿಸಿದ.

"'ಇದರಿಂದ ನಮಗೇನೂ ಲಾಭವಿಲ್ಲ' ಅಂತಿದ್ದಾನೆ," ಎಂದಳು ಶಶಿರೇಖ.

ಚಿಕ್ಕಮುನಿಯಪ್ಪನ ಮುಖ ಕಪ್ಪಿಟ್ಟಿತು. ಇನ್ನೊಂದು ಸಲ ಕೇಳಿದ. ಅದೇ ಮಾತು. ಅಲ್ಲಿದ್ದವರಲ್ಲಿ ಬುದ್ಧಿಯಿದ್ದವರು ಎರಡು ಸಣ್ಣ ವಿದ್ಯೆ ಬದಲಿಗೆ ಇಟ್ಟು ಕೇಳು ಎಂದರು. ಅವನು ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಇವತ್ತಿಗೆ ಅವನ ಜತೆ ಮಾತು ಬಿಟ್ಟೆ," ಎಂದ. ಹಸಿರು ರಾಜನ ಜೊತೆ ನಡೆಯುತ್ತಿದ್ದ ಅಕ್ಕಿ, ಉಪ್ಪಿನ ವಹಿವಾಟನ್ನೆಲ್ಲ ಒಂದೊಂದಾಗಿ ಒತ್ತಿ ನಿಲ್ಲಿಸಿದ.

ಮಾತು ಬಿಡುವುದು ಚಿಕ್ಕಮುನಿಯಪ್ಪನಿಗೆ ಹೊಸದಲ್ಲ. ಊರಿನಲ್ಲಿ ನಾಲ್ಕು ಮನೆಯವರ ಜೊತೆ ಅವನಿಗೆ ಮಾತಿಲ್ಲ. ಒಂದು ಮನೆ ಬೇಲಿಯ ಹುಣಸೆಮರದ ದೆಸೆಯಿಂದ. ಇನ್ನೊಂದು, ಮದುವೆಯೊಂದರಲ್ಲಿ ಅವನ ಎಲೆಯನ್ನು ದಾಟಿ ಮುಂದಿನ ಎಲೆಗೆ ಪಾಯಸ ಬಡಿಸಿದ್ದರಿಂದ. ಉಳಿದ ಎರಡರ ಕಾರಣ ಎರಡೂ ಕಡೆಯವರಿಗೆ ಮರೆತುಹೋಗಿದೆ, ಮಾತು ಬಿಟ್ಟದ್ದು ಮಾತ್ರ ನೆನಪಿದೆ. ಮಾತು ಬಿಟ್ಟ ಮೇಲೆ ಅದಕ್ಕೊಂದು ಶಿಸ್ತು ಉಂಟು: ಮಾತು ಬಿಟ್ಟವನ ಜೊತೆ ಸಲುಗೆಯಿಂದಿರುವವರ ಜೊತೆಗೂ ವ್ಯವಹಾರ ಕೂಡದು. ಹಳದಿ ರಾಜ ಹಸಿರು ರಾಜನ ಸ್ನೇಹಿತ. ಆದ್ದರಿಂದ ಹಳದಿ ರಾಜನ ಜೊತೆಗೂ ಮಾತು ಬಿಟ್ಟಾಯಿತು. ಕೆಂಪು ರಾಜ ಮೊದಲೇ ಶತ್ರು. ಉಳಿದವಳು ನೀಲಿ ರಾಣಿಯೊಬ್ಬಳೇ, ಅವಳು ಸಮುದ್ರದಾಚೆ.

ನಾಲ್ಕು ಕಾಲಿನ ಮೇಲೆ ಓಡುತ್ತಿದ್ದ ರಾಜ್ಯ ಒಂಟಿಕಾಲಿನಲ್ಲಿ ಕುಂಟತೊಡಗಿತು. ಅತ್ತ ವಿಜಯಕುಮಾರನ ರಾಜ್ಯದಲ್ಲಿ ಅರಮನೆಯ ಬುಡದಲ್ಲೇ ಕಲ್ಲಿದ್ದಲು ಸಿಕ್ಕಿತು.

"ಗಣಿಯವನ ಮಗನಿಗೆ ಆಟದಲ್ಲೂ ಗಣಿನೇ ಬಂತಲ್ಲಪ್ಪಾ!" ಎಂದು ಯಾರೋ ಕೂಗಿದರು. ವಿಜಯಕುಮಾರ ಹಬೆಯಂತ್ರದ ಅಭ್ಯಾಸ ಶುರುಮಾಡಿ, ಸೀಟಿನಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿದ.

ಚಿಕ್ಕಮುನಿಯಪ್ಪ ಮನೆಗೆ ಹೋಗಿ ಊಟ ಬೇಡವೆಂದ. ಹೆಂಡತಿ ಮುನಿಲಕ್ಷ್ಮಿ ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದಳು.

"ಯಾಕೆ, ಗೇಟಲ್ಲಿ ಏನಾನ ಅಂದ್ರಾ?"

ಅವನು ಎಲ್ಲ ಹೇಳಿದ. ಹಸಿರು ರಾಜನ ಕೃತಘ್ನತೆಯನ್ನು ಎರಡೆರಡು ಸಲ ಹೇಳಿದ. ಮುನಿಲಕ್ಷ್ಮಿ ಕ್ಯಾನನ್ನು ಬೋರಲು ಹಾಕಿ ಅವನ ಮುಖ ನೋಡಿದಳು.

"ಊರಾಗಿನ ನಾಲ್ಕು ಮನೆ ಸಾಲ್ದೂ ಅಂತ ಪೋನಾಗೂ ಇಬ್ಬರ ಜತೆ ಮಾತು ಬಿಟ್ಯಾ? ನಾಳೆ ನಮ್ಮ ಎಮ್ಮೆ ಜತೇನೂ ಬಿಡ್ತೀಯ, ಆಲು ಯಾರು ಕರೀತಾರೆ?"

"ನಿನಗೆ ಅದೆಲ್ಲ ತಿಳಿಯಲ್ಲ. ಮಾನದ ಪ್ರಶ್ನೆ."

"ಮಾನ ಇಟ್ಕೊಂಡು ನಿಂತ್ಕೋ, ಮೊಣಕಾಲು ಇನ್ನಾ ಊದ್ಲಿ. ಅಲ್ಲಯ್ಯ, ಮೂಲೆಮನೆಯೋರ ಜತೆ ಮಾತು ಬಿಟ್ಟೀವಿ. ಅವರ ಮನೆ ಬಿತ್ತನೆ ರಾಗಿ ನಮ್ಮೊಲಕ್ಕೆ ಎಂಗೆ ಬಂತು? ಪಕ್ಕದ್ಮನೆ ಪುಷ್ಪನ ಕೈಲಿ ತರ್ಸಿಲ್ವಾ? ದಲ್ಲಾಳಿ ಮಗ ಅಂತೀಯ, ನಡುವೆ ಒಬ್ಬರನ್ನ ಇಡೋದು ಗೊತ್ತಿಲ್ವಾ?"

ಚಿಕ್ಕಮುನಿಯಪ್ಪ ಎದ್ದು ಮುದ್ದೆ ತಿಂದ.

ಮರುದಿನ ಟವಲು ಮತ್ತೆ ಬಿಚ್ಚಿತು. ನೀಲಿ ರಾಣಿಗೂ ಹಸಿರು ರಾಜನಿಗೂ ಸ್ನೇಹವೂ ಇಲ್ಲ, ಜಗಳವೂ ಇಲ್ಲ. ಹಸಿರು ರಾಜನ ಬಳಿ ಇಲ್ಲದ ಎರಡು ವಿದ್ಯೆಗಳನ್ನು, ಮುದ್ರಣ ಮತ್ತು ಔಷಧಿ, ಚಿಕ್ಕಮುನಿಯಪ್ಪ ನೀಲಿ ರಾಣಿಗೆ ಅಗ್ಗವಾಗಿ ಕೊಟ್ಟ. ಕೊಟ್ಟು ಸುಮ್ಮನೆ ಕೂತ, ಅಂದರೆ ಸುಮ್ಮನೆ ನಿಂತ. ಎರಡು ಸರದಿ ಕಳೆಯುವಷ್ಟರಲ್ಲಿ ನೀಲಿ ರಾಣಿ ಆ ಔಷಧಿಯನ್ನೇ ಹಸಿರು ರಾಜನಿಗೆ ಮಾರಿ ಹಬೆಯಂತ್ರವನ್ನು ಕೊಂಡಿದ್ದಳು. ಚಿಕ್ಕಮುನಿಯಪ್ಪ ಅವಳಿಂದ ಹಬೆಯಂತ್ರ ತಂದ. ಹಸಿರು ರಾಜನ ಹೆಸರನ್ನು ಬಾಯಲ್ಲಿ ಎತ್ತದೆ ಅವನ ಹಿತ್ತಲಿನ ಕಾಯಿ ಕಿತ್ತ ಹಾಗಾಯಿತು. ತ್ಯಾಕಲ್‌ನಿಂದ ಮಾಲೂರಿನವರೆಗೂ ಅವನ ಮೀಸೆಯ ಕೆಳಗೆ ನಗು ಇತ್ತು.

ಆದರೆ ಕಲ್ಲಿದ್ದಲು ಉಳಿಯಿತು. ವಿದ್ಯೆಯನ್ನು ನಡುವಿನವರ ಕೈಯಲ್ಲಿ ತರಿಸಬಹುದು. ಕಲ್ಲಿದ್ದಲನ್ನು ಆಗುವುದಿಲ್ಲ, ಯಾರ ನೆಲದಲ್ಲಿದೆಯೋ ಅವರೇ ಕೊಡಬೇಕು. ಚಿಕ್ಕಮುನಿಯಪ್ಪನಿಗೆ ಗೊತ್ತಿದ್ದ ಭೂಮಿಯಲ್ಲಿ ಕಲ್ಲಿದ್ದಲು ಇದ್ದದ್ದು ಒಂದೇ ಕಡೆ, ಹಸಿರು ರಾಜನ ಬೆಟ್ಟದ ಕೆಳಗೆ.

ಹೀಗೇ ಒಂದು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಡಬ್ಬಿಯಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು. ವಿಜಯಕುಮಾರನ ಹಬೆಯಂತ್ರ ಇನ್ನು ಕೆಲವೇ ಸರದಿಯಲ್ಲಿ ಮುಗಿಯುತ್ತಿತ್ತು. ಮುಗಿದರೆ ಅವನ ಕಲ್ಲಿದ್ದಲು ಸಿದ್ಧ, ರೈಲು ಸಿದ್ಧ, ಸೀಟು ಅವನದೇ. ಚಿಕ್ಕಮುನಿಯಪ್ಪ ಗೆಲ್ಲಬೇಕಾದರೆ ಹಸಿರು ರಾಜನನ್ನು ಮಾತಾಡಿಸಬೇಕು.

ರೈಲು ಮಾಲೂರು ಬಿಟ್ಟಿತು.

"ಮಾತಾಡ್ಸಣ್ಣೇ," ಎಂದ ವಿಜಯಕುಮಾರ, ತನ್ನ ಫೋನಿನಿಂದ ಕಣ್ಣು ತೆಗೆಯದೆ. "ನಾನೇನೂ ಅಂದ್ಕೊಳ್ಳಲ್ಲ."

"ಮೊದಲು ಮಾತಾಡ್ದೋನು ಸೋತಂಗೆ ಕಣ್ಲಾ."

"ಮಾತಾಡ್ದೇ ಇದ್ರೂ ಸೋತಂಗೆ. ಯಾವ ಸೋಲು ಬೇಕೋ ನೋಡ್ಕೋ."

ಚಿಕ್ಕಮುನಿಯಪ್ಪ ಯೋಚಿಸಿದ. ಊರಿನಲ್ಲಿ ಇಂಥದ್ದಕ್ಕೆ ದಾರಿಯಿದೆ. ಮಾತು ಬಿಟ್ಟ ಇಬ್ಬರನ್ನು ಹಿರಿಯರೊಬ್ಬರು ಒಂದೇ ಜಗುಲಿಯ ಮೇಲೆ ಕೂರಿಸಿ, ಮೊದಲ ಮಾತನ್ನು ತಾವು ಆಡುತ್ತಾರೆ. ಯಾರೂ ಮೊದಲು ಮಾತಾಡಿದ ಹಾಗಾಗುವುದಿಲ್ಲ. ಅವನು ಫೋನನ್ನು ಶಶಿರೇಖಳ ಕಡೆ ಚಾಚಿದ.

"ಮೇಡಂ, ನೀವು ಒಸಿ ಅವನ ಮುಖದ ಮೇಲೆ ಒತ್ತಿಬುಡಿ. ನಾನು ಆ ಕಡೆ ನೋಡ್ತಿರ್ತೀನಿ. ಆಮೇಲೆ ನಾನು ಮಾತಾಡ್ಕೋತೀನಿ."

"ಅದು ಆಗಲ್ಲ!" ಎಂದು ವಿಜಯಕುಮಾರ ಎದ್ದೇಬಿಟ್ಟ, ಸೀಟಿನ ನೆನಪಾಗಿ ತಕ್ಷಣ ಕೂತ. "ಅವರವರ ಫೋನು ಅವರವರೇ ಒತ್ತಬೇಕು ಅಂತ ನೀವೇ ಅಲ್ವಾ ಮೇಡಂ ಹೇಳಿದ್ದು?"

ಡಬ್ಬಿ ಎರಡಾಯಿತು. ಬಂಗಾರಪೇಟೆಯವರು, ಅಂದರೆ ನಿಂತವರು, ಬರೀ ಮುಖದ ಮೇಲೆ ಒತ್ತುವುದು ಆಟವಲ್ಲ, ಬಾಗಿಲು ತಟ್ಟಿದ ಹಾಗೆ ಅಷ್ಟೇ ಎಂದರು. ಕೂತವರು ಬಾಗಿಲು ತಟ್ಟುವುದೂ ಆಟವೇ ಎಂದರು. ನ್ಯಾಯ ಸೀಟಿನ ಪ್ರಕಾರ ನಡೆಯಿತು. ಒಬ್ಬ ಮುದುಕ ಎದ್ದು, ನಮ್ಮ ಕಾಲದಲ್ಲಿ ಜಗಳವಾದರೆ ಹೊಡೆದಾಡಿಕೊಂಡು ಮುಗಿಸುತ್ತಿದ್ದೆವು, ಇಷ್ಟು ತಾಪತ್ರಯ ಇರಲಿಲ್ಲ ಎಂದ.

ಶಶಿರೇಖ ಫೋನನ್ನು ಮುಟ್ಟಲಿಲ್ಲ. "ಚಿಕ್ಕಮುನಿಯಪ್ಪ, ನಾನು ಒತ್ತಲ್ಲ. ಮಾತು ಬಿಟ್ಟೋರು ನೀವು, ನೀವೇ ಮಾತಾಡಿಸಬೇಕು. ಬೇಗ. ವೈಟ್‌ಫೀಲ್ಡ್ ಬರುತ್ತೆ."

ವಿಜಯಕುಮಾರ ಒಂದು ಸರದಿ ಮುಗಿಸಿದ. ಇನ್ನೊಂದು ಮುಗಿಸಿದ. ಅವನ ಹಬೆಯಂತ್ರದ ಗೆರೆ ತುಂಬಲು ಚೂರೇ ಉಳಿದಿತ್ತು. ರೈಲು ತಿರುವಿನಲ್ಲಿ ಓಲಾಡಿತು, ಚಿಕ್ಕಮುನಿಯಪ್ಪನ ಭಾರವೆಲ್ಲ ಬಲಗಾಲಿನ ಮೇಲೆ ಬಿತ್ತು. ಮೊಣಕಾಲಿನೊಳಗೆ ಮುಳ್ಳು ಆಡಿಸಿದ ಹಾಗಾಯಿತು.

ಅವನು ಟವಲು ಹೊದಿಸಿದ, ಈ ಸಲ ಫೋನಿಗಲ್ಲ, ತನ್ನ ತಲೆಗೆ. ತಲೆ, ಮುಖ, ಫೋನು ಎಲ್ಲ ಟವಲಿನೊಳಗೆ. ಒಳಗಿನಿಂದ ಧ್ವನಿ ಮಾತ್ರ ಕೇಳಿಸಿತು:

"ಏನಪ್ಪಾ... ಚೆನ್ನಾಗಿದ್ದೀಯಾ?"

ಡಬ್ಬಿಯಲ್ಲಿ ಯಾರೂ ನಗಲಿಲ್ಲ. ನಗು ಆಮೇಲೆ ಬರುವುದಿತ್ತು.

ಟವಲು ಎರಡು ಮೂರು ಸಲ ಅಲ್ಲಾಡಿತು. ಆಮೇಲೆ ಚಿಕ್ಕಮುನಿಯಪ್ಪ ಅದನ್ನು ಕೆಳಗಿಳಿಸಿದ. ಅವನ ಮುಖದಲ್ಲಿ ಗೆದ್ದ ಲಕ್ಷಣ ಇರಲಿಲ್ಲ, ಮೋಸಹೋದವನ ಲಕ್ಷಣ ಇತ್ತು.

"ಏನಂದ?" ಎಂದು ಕೇಳಿದಳು ಶಶಿರೇಖ.

"'ಸ್ವಾಗತ ಮಿತ್ರ' ಅಂದ. ನಗ್ತಾವ್ನೆ. ಗೆರೆ ಅಸ್ರು ಅಂದ್ರೆ ಅಸ್ರು. ಒಂದು ಸಣ್ಣ ಇದ್ಯೆ ಇಟ್ಟೆ, ಕಲ್ಲಿದ್ಲು ಕೊಟ್ಬುಟ್ಟ." ಅವನ ಧ್ವನಿ ಏರಿತು. "ನಾನು ಶಿವರಾತ್ರಿಯಿಂದ ಮಾತು ಬಿಟ್ಟೀನಿ. ಊಟ ಬಿಟ್ಟೀನಿ. ಈ ನನ್ಮಗನಿಗೆ ನಾನು ಮಾತು ಬಿಟ್ಟಿದ್ದೇ ಗೊತ್ತಿಲ್ಲ!"

ಈಗ ನಗು ಬಂತು. ಕೂತವರು, ನಿಂತವರು, ಬಾಗಿಲಲ್ಲಿ ನೇತಾಡುವವರು ಎಲ್ಲರೂ ನಕ್ಕರು. ಮನುಷ್ಯನಿಗೆ ಮಾಡಬಹುದಾದ ಅವಮಾನಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು: ಅವನ ಕೋಪವನ್ನು ಎದುರಿನವನು ಗಮನಿಸದೇ ಇರುವುದು. ಚಿಕ್ಕಮುನಿಯಪ್ಪ ಆ ಅವಮಾನವನ್ನು ನುಂಗಿಕೊಂಡೇ ಹಳಿ ಹಾಕುವ ಗುಂಡಿ ಒತ್ತಿದ. ಅವನ ರಾಜಧಾನಿಯಿಂದ ಸಮುದ್ರದವರೆಗೆ ಕಪ್ಪು ಗೆರೆ ಹರಿಯಿತು. ಉಗುರಿನಷ್ಟು ಚಿಕ್ಕ ರೈಲೊಂದು ಹೊಗೆ ಬಿಡುತ್ತಾ ಅದರ ಮೇಲೆ ಹೊರಟಿತು. ಶಶಿರೇಖ ಫೋನು ನೋಡಿ, ವಿಜಯಕುಮಾರನ ಫೋನನ್ನೂ ನೋಡಿ, "ಆಯ್ತು," ಎಂದಳು. ಅವಳ ತೀರ್ಪುಗಳು ಅಷ್ಟೇ ಉದ್ದ.

ಮರುದಿನ ಬಂಗಾರಪೇಟೆಯಲ್ಲಿ ರೈಲು ನಿಂತಾಗ ವಿಜಯಕುಮಾರ ಸೀಟಿನಲ್ಲೇ ಇದ್ದ. ಮಾರಿಕುಪ್ಪಂನಿಂದ ಅದನ್ನು ಕಾಯಲು ಮೈಯೇ ಬೇಕು. ಕರ್ಚೀಫು, ಚೀಲಗಳಿಗೆ ಆ ರೈಲಿನಲ್ಲಿ ಮರ್ಯಾದೆಯಿಲ್ಲ. ಚಿಕ್ಕಮುನಿಯಪ್ಪ ಒಳಗೆ ಬಂದ ಮೇಲೆ ವಿಜಯಕುಮಾರ ಎದ್ದ. ಮುಖ ಗಂಟಿಕ್ಕಿತ್ತು, ಮಾತು ತಪ್ಪಲಿಲ್ಲ. ಚಿಕ್ಕಮುನಿಯಪ್ಪ ಕೂತ. ಬಲಗಾಲನ್ನು ಎದುರು ಸೀಟಿನ ಕೆಳಗೆ ಉದ್ದಕ್ಕೆ ಚಾಚಿದ. ಇಷ್ಟು ವರ್ಷ ಆ ರೈಲಿನಲ್ಲಿ ಓಡಾಡಿದರೂ ಅವನಿಗೆ ತ್ಯಾಕಲ್‌ನ ಬಂಡೆಗಳು ಇಷ್ಟು ಚೆನ್ನಾಗಿ ಕಂಡಿರಲಿಲ್ಲ. ನಿಂತವನಿಗೆ ಕಾಣುತ್ತಿದ್ದದ್ದು ಬರೀ ಹಳಿಯ ಪಕ್ಕದ ಜಲ್ಲಿ.

ಮಾಲೂರಿನವರೆಗೂ ವಿಜಯಕುಮಾರ ಮೇಲೆ ಕಂಬಿ ಹಿಡಿದು ನಿಂತಿದ್ದ. ಆಮೇಲೆ ಬಗ್ಗಿದ.

"ಅಣ್ಣೇ, ಹಸಿರು ರಾಜ ಕೊಡಲ್ಲ ಅಂದಿದ್ದ ಹಬೆಯಂತ್ರ ನಿನಗೆ ಹೆಂಗೆ ಬಂತು? ಅದೊಂದು ಹೇಳ್ಕೊಡು. ಆ ದಿನ ನೀನು ಟವಲು ಹಾಕ್ಕೊಂಡಿದ್ದೆ, ನನಗೆ ಕಾಣಲಿಲ್ಲ."

ಚಿಕ್ಕಮುನಿಯಪ್ಪ ಕಿಟಕಿಯಿಂದ ಮುಖ ತಿರುಗಿಸಿದ. ದಲ್ಲಾಳಿಯ ಕಣ್ಣು ಅವನಿಗೆ ಮತ್ತೆ ಬಂದಿತ್ತು.

"ಏಳ್ಕೊಡ್ತೀನಿ. ಬಿಟ್ಟಿ ಅಲ್ಲ."

"ಏನ್ ಬೇಕು?"

"ಯುಗಾದಿ ಆದ್ಮೇಲೂ ಸೀಟು. ಮುಂದಿನ ದೀಪಾವಳಿವರೆಗೂ."

"ದೀಪಾವಳಿನಾ! ಅಣ್ಣೇ, ನನಗೂ ಕಾಲಿದೆ."

"ಸರಿ ಓಗ್ಲಿ, ಗಣೇಶನ ಅಬ್ಬ. ಅದಕ್ಕಿಂತ ಒಂದು ದಿನ ಕಮ್ಮಿ ಇಲ್ಲ. ಈ ಇದ್ಯೆ ಈ ಡಬ್ಬೀಲಿ ನನ್ನೊಬ್ಬನತ್ರಾನೇ ಐತೆ, ತಿಳ್ಕೋ."

ವಿಜಯಕುಮಾರ ಕಂಬಿ ಹಿಡಿದುಕೊಂಡು ಲೆಕ್ಕ ಹಾಕಿದ. ತುಟಿ ಕಚ್ಚಿದ. "ಆಷಾಢದವರೆಗೆ..." ಎಂದು ಬಾಯಿ ತೆರೆದ.

"ನೀಲಿ ರಾಣಿ ಕೈಲಿ ತರಿಸಿದ್ದು," ಎಂದಳು ಶಶಿರೇಖ, ಪೇಪರಿನ ಪುಟ ಮಗುಚುತ್ತಾ. "ಹಸಿರು ರಾಜನಿಗೆ ಬೇಕಾದ್ದನ್ನ ಅವಳಿಗೆ ಕೊಟ್ರು, ಅವಳು ಅವನಿಗೆ ಮಾರಿ ಹಬೆಯಂತ್ರ ತಗೊಂಡ್ಲು, ಇವರು ಅವಳ ಹತ್ರ ತಗೊಂಡ್ರು. ಅಷ್ಟೇ. ಆ ಟವಲು ನಿಮ್ಮ ಕಡೆಯಿಂದ ಮುಚ್ಚಿತ್ತು, ನನ್ನ ಕಡೆಯಿಂದ ತೆರೆದೇ ಇತ್ತು."

"ಮೇಡಂ!" ಎಂದ ಚಿಕ್ಕಮುನಿಯಪ್ಪ. "ನೀವು ಯಾಪಾರದ ನಡುವೆ..."

"ಬೆಳಿಗ್ಗೆಯಿಂದ ಇಬ್ಬರೂ ಗೊಣಗೊಣ. ನನಗೆ ಪೇಪರ್ ಓದಬೇಕು."

ವಿಜಯಕುಮಾರ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಫೋನ್ ತೆಗೆದ. ನಿಂತವನ ಫೋನು ಅಲ್ಲಾಡುತ್ತಿತ್ತು, ಆದರೂ ಅವನು ತನ್ನ ಹಳದಿ ರಾಜನ ಮುಖವನ್ನು ಹುಡುಕಿ ಜೀವಮಾನದಲ್ಲಿ ಮೊದಲ ಸಲ ಅದರ ಮೇಲೆ ಒತ್ತಿದ. ಚಿಕ್ಕಮುನಿಯಪ್ಪ ಸ್ವಲ್ಪ ಹೊತ್ತು ಅವನನ್ನೇ ನೋಡಿದ, ಹೇಳಬೇಕೆಂದು ಬಾಯಿಗೆ ಬಂದ ಸಲಹೆಯೊಂದನ್ನು ಕಷ್ಟಪಟ್ಟು ನುಂಗಿದ. ಆಮೇಲೆ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ. ಯುಗಾದಿಯಂತೂ ಇನ್ನೂ ಬಂದಿರಲಿಲ್ಲ.